ಸಕ್ಕರೆ ಕಾಯಿಲೆಯೂ ಮರೆವೂ: ಮಂಡ್ಯ ಸೀಮೆಯ ಮನೆಗಳಿಗೊಂದು ಮಾಹಿತಿ

ವಯಸ್ಸಾದವರು ಮಾತಿನ ನಡುವೆ ಹೆಸರು ಮರೆತರೆ, ಇಸಿದುಕೊಂಡ ಹಣವನ್ನು ಇಸಿದುಕೊಂಡೇ ಇಲ್ಲವೆಂದು ವಾದಿಸಿದರೆ, ಆಗಲೇ ನುಂಗಿದ ಮಾತ್ರೆಯನ್ನು ಮತ್ತೊಮ್ಮೆ ಕೇಳಿದರೆ, ಅವನ್ನೆಲ್ಲ ಅರಳುಮರಳು ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಹಳೆಯ ಮೈಸೂರು ಸೀಮೆಯ ಮನೆಗಳ ರೂಢಿ. ಮರೆಯುತ್ತಿರುವ ವ್ಯಕ್ತಿಗೆ ಹತ್ತು ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದ ಪಕ್ಷದಲ್ಲಿ ಈ ರೂಢಿ ಅಪಾಯಕ್ಕೆ ದಾರಿ ಮಾಡುತ್ತದೆ. ಏಕೆಂದರೆ ಅಂಥವರ ಮರೆವಿಗೆ ವಯಸ್ಸಿನ ಜತೆಗೆ ಬೇರೆ ಕಾರಣಗಳೂ ಇರಬಹುದಾಗಿದ್ದು, ಅವುಗಳಲ್ಲಿ ಕೆಲವು ಒಂದು ರಕ್ತಪರೀಕ್ಷೆಯಿಂದ ತಿಳಿಯುವಂಥವು, ಇನ್ನು ಕೆಲವು ಒಂದು ಮಾತ್ರೆಯನ್ನು ಬದಲಿಸಿದ ಮಾತ್ರಕ್ಕೆ ಕಡಿಮೆಯಾಗುವಂಥವು. ಮಧುಮೇಹದಿಂದ ಕಣ್ಣು, ಮೂತ್ರಪಿಂಡ, ಪಾದಗಳು ಕೆಡುತ್ತವೆಂಬುದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಿಗೂ ತಿಳಿದ ವಿಷಯ. ಅದು ಮೆದುಳನ್ನೂ ತಟ್ಟುತ್ತದೆಂಬುದು ಅಷ್ಟಾಗಿ ತಿಳಿದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದ್ದು, ಮತ್ತೆ 13.6 ಕೋಟಿ ಜನ ಅದರ ಹೊಸ್ತಿಲಿನಲ್ಲಿದ್ದಾರೆ. ಅದೇ ವರ್ಷ ಹೊರಬಂದ ಮತ್ತೊಂದು ರಾಷ್ಟ್ರೀಯ ಅಧ್ಯಯನವು 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು ಅಂದಾಜಿಸಿತು. ಡಿಮೆನ್ಷಿಯಾ ಎಂದರೆ ಬರಿಯ ಮರೆವಲ್ಲ. ನೆನಪು, ಮಾತು, ಲೆಕ್ಕ, ವಿವೇಚನೆಗಳು ಕ್ರಮೇಣ ಕುಂದಿ, ದಿನನಿತ್ಯದ ಕೆಲಸಗಳಿಗೂ ಬೇರೆಯವರನ್ನು ಆಶ್ರಯಿಸಬೇಕಾಗುವ ಸ್ಥಿತಿ. ಈ ಎರಡು ಕಾಯಿಲೆಗಳು ಒಂದೇ ಮನೆಯಲ್ಲಿ, ಒಬ್ಬರೇ ವ್ಯಕ್ತಿಯಲ್ಲಿ ಸೇರುವ ಸಂದರ್ಭಗಳು ಹೆಚ್ಚುತ್ತಿರುವುದರಿಂದಲೇ ಈ ವಿಷಯಕ್ಕೆ ಮಹತ್ವ ಬಂದಿದೆ.

ಮಂಡ್ಯವನ್ನು ಸಕ್ಕರೆ ನಾಡು ಎಂದು ಕರೆಯುವುದರಿಂದ ಇಲ್ಲಿನ ಮಧುಮೇಹಕ್ಕೂ ಕಬ್ಬಿಗೂ ನೇರ ಸಂಬಂಧ ಕಲ್ಪಿಸುವ ತಮಾಷೆಯ ಮಾತು ಆಗಾಗ ಕೇಳಿಬರುತ್ತದೆ. ವಾಸ್ತವ ಅಷ್ಟು ಸರಳವಾಗಿಲ್ಲ. ಕೃಷ್ಣರಾಜಸಾಗರದ ನೀರು ಇಂದು ವಿಶ್ವೇಶ್ವರಯ್ಯ ನಾಲೆಯೆಂದು ಕರೆಯಲಾಗುವ ಕಾಲುವೆಯಲ್ಲಿ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ನೆಲೆಯೂರಿದ ಮೇಲೆ, ರಾಗಿ ಹುರುಳಿ ಬೆಳೆಯುತ್ತಿದ್ದ ಬೆದ್ದಲು ಗದ್ದೆಯಾಯಿತು. ಹಬ್ಬಕ್ಕೆ ಮೀಸಲಾಗಿದ್ದ ಅನ್ನ ದಿನದ ಊಟವಾಯಿತು. ಮುಂದಿನ ತಲೆಮಾರುಗಳಲ್ಲಿ ನೇಗಿಲ ಜಾಗಕ್ಕೆ ಟ್ರ್ಯಾಕ್ಟರೂ ನಡಿಗೆಯ ಜಾಗಕ್ಕೆ ಬೈಕೂ ಬಂದು ಮೈಯ ದುಡಿಮೆ ಇಳಿಯಿತು. ಸೊಂಟದ ಸುತ್ತ ಸೇರುವ ಬೊಜ್ಜು, ಮನೆತನದಿಂದ ಬಂದ ಒಲವು, ತಗ್ಗಿದ ದುಡಿಮೆ ಇವು ಕೂಡಿ ತರುವ ಕಾಯಿಲೆಯನ್ನು ಆಲೆಮನೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೆದುಳಿನೊಳಗೆ ಏನಾಗುತ್ತದೆ

ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರವಾದರೂ, ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಅದಕ್ಕೇ ಬೇಕು. ಆ ಶಕ್ತಿಯನ್ನು ಅದು ಬಹುಮಟ್ಟಿಗೆ ರಕ್ತದಲ್ಲಿ ಕ್ಷಣಕ್ಷಣವೂ ಹರಿದು ಬರುವ ಗ್ಲೂಕೋಸಿನಿಂದ ಪಡೆಯುತ್ತದೆ. ಕೂಡಿಟ್ಟುಕೊಳ್ಳುವ ಸಾಮರ್ಥ್ಯ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೂ ಕೆಡುಕು, ಕೆಲವೇ ನಿಮಿಷ ತೀರಾ ಕುಸಿದರೂ ಕೆಡುಕು. ಏರಿದ ಸಕ್ಕರೆ ನಿಧಾನವಾಗಿ, ಸದ್ದಿಲ್ಲದೆ, ರಕ್ತನಾಳಗಳ ಮೂಲಕ ಹಾನಿ ಮಾಡುತ್ತದೆ. ಕುಸಿದ ಸಕ್ಕರೆ ತಕ್ಷಣವೇ, ನರಕೋಶಗಳ ಆಹಾರವನ್ನೇ ಕಿತ್ತುಕೊಂಡು ಹಾನಿ ಮಾಡುತ್ತದೆ.

ಕಣ್ಣಿನ ಅಕ್ಷಿಪಟಲ ಮತ್ತು ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುವ ಪ್ರಕ್ರಿಯೆಯೇ ಮೆದುಳಿನ ಆಳದಲ್ಲಿಯೂ ನಡೆಯುತ್ತದೆ. ಅಲ್ಲಿನ ಬಿಳಿಯ ಭಾಗವು ಮೆದುಳಿನ ಒಂದು ಕೇಂದ್ರದಿಂದ ಮತ್ತೊಂದು ಕೇಂದ್ರಕ್ಕೆ ಸುದ್ದಿ ಒಯ್ಯುವ ನರತಂತುಗಳಿಂದಾಗಿದ್ದು, ಅದಕ್ಕೆ ರಕ್ತ ತಲುಪುವುದು ಕೂದಲಿಗಿಂತ ತೆಳುವಾದ ನಾಳಗಳಿಂದ. ನಾಲೆಯ ಮೊದಲ ಭಾಗದ ಗದ್ದೆಗಳು ತುಂಬಿದರೂ ಮದ್ದೂರು, ಮಳವಳ್ಳಿಗಳ ಕೊನೆಯ ಭಾಗಕ್ಕೆ ನೀರು ಮುಟ್ಟದೆ ಪೈರು ಒಣಗುವಂತೆ, ದೊಡ್ಡ ನಾಳಗಳಲ್ಲಿ ರಕ್ತ ಸರಾಗವಾಗಿ ಹರಿಯುತ್ತಿದ್ದರೂ ಈ ತುದಿಯ ನಾಳಗಳು ದಪ್ಪಗಟ್ಟಿ ಕಟ್ಟಿಕೊಂಡಾಗ ಅಲ್ಲಲ್ಲಿ ಸಣ್ಣ ಸಣ್ಣ ಜಾಗಗಳು ಸಾಯುತ್ತವೆ. ಲಕ್ವ ಹೊಡೆದಂತೆ ಕೈಕಾಲು ಬೀಳದಿರುವುದರಿಂದ ಮನೆಯವರ ಗಮನಕ್ಕೆ ಇದು ಬರುವುದಿಲ್ಲ. ಯೋಚನೆಯ ವೇಗವಷ್ಟೇ ತಗ್ಗುತ್ತದೆ. ರಕ್ತದೊತ್ತಡವೂ ಜತೆಗಿದ್ದರೆ, ಮಧುಮೇಹಿಗಳಲ್ಲಿ ಅದು ಬಹು ಸಾಮಾನ್ಯ, ಹಾನಿಯ ವೇಗ ಹೆಚ್ಚುತ್ತದೆ.

ಇನ್ಸುಲಿನ್ ಎಂಬ ಚೋದಕರಸಕ್ಕೆ, ಎಂದರೆ ಮೇದೋಜೀರಕ ಗ್ರಂಥಿಯು ರಕ್ತಕ್ಕೆ ಬಿಡುವ ಹಾರ್ಮೋನಿಗೆ, ಮೆದುಳಿನಲ್ಲಿಯೂ ಕೆಲಸವಿದೆ. ಹೊಸ ನೆನಪುಗಳನ್ನು ಕೂಡಿಸುವ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಅದನ್ನು ಗುರುತಿಸುವ ಗ್ರಾಹಕಗಳು ದಟ್ಟವಾಗಿವೆ. ದೇಹದ ಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ಸ್ಥಿತಿಯು ಮೆದುಳಿನಲ್ಲಿಯೂ ತಲೆದೋರಬಹುದೆಂದೂ, ಅಲ್ಜೀಮರ್ಸ್ ಕಾಯಿಲೆಯಲ್ಲಿ ನರಕೋಶಗಳ ನಡುವೆ ಗಂಟುಕಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನು ಕರಗದೆ ಉಳಿಯಲು ಇದೂ ಒಂದು ಕಾರಣವಿರಬಹುದೆಂದೂ ವಿಜ್ಞಾನಿಗಳು ಶಂಕಿಸುತ್ತಾರೆ. ಇದನ್ನೇ ಹಿಡಿದು ಅಲ್ಜೀಮರ್ಸ್ ಕಾಯಿಲೆಗೆ ಮೂರನೇ ವಿಧದ ಮಧುಮೇಹವೆಂಬ ಹೆಸರನ್ನು ಕೆಲವರು ಬಳಸುವುದುಂಟು. ಆದರೆ ಅದು ವೈದ್ಯಶಾಸ್ತ್ರ ಒಪ್ಪಿದ ರೋಗನಾಮವಲ್ಲ.

ಈ ಸಂಬಂಧವನ್ನು ಜನಸಮುದಾಯಗಳಲ್ಲಿ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನ ಹೆಸರಾದದ್ದು. 1999ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ಮಧುಮೇಹವಿದ್ದ ಹಿರಿಯರಲ್ಲಿ ಡಿಮೆನ್ಷಿಯಾ ಬರುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಗಮನಿಸುತ್ತ ಬಂದ ಅಧ್ಯಯನವೊಂದು 2021ರಲ್ಲಿ ಮತ್ತೊಂದು ಮುಖ್ಯ ಸಂಗತಿಯನ್ನು ಹೊರಗೆಡವಿತು: ಮಧುಮೇಹ ಎಷ್ಟು ಚಿಕ್ಕ ವಯಸ್ಸಿಗೆ ಬರುತ್ತದೋ ಮುಂದೆ ಡಿಮೆನ್ಷಿಯಾದ ಸಂಭವವೂ ಅಷ್ಟು ಹೆಚ್ಚು. ಭಾರತೀಯರಿಗೆ ಈ ಕಾಯಿಲೆ ಯೂರೋಪಿನವರಿಗಿಂತ ಎಳೆಯ ವಯಸ್ಸಿನಲ್ಲೇ ಬರುವುದರಿಂದ, ನಲವತ್ತಕ್ಕೇ ಮಾತ್ರೆ ಶುರುಮಾಡಿದ ಮಂಡ್ಯದ ರೈತನಿಗೆ ಲಂಡನ್ನಿನ ಈ ಲೆಕ್ಕ ದೂರದ್ದಲ್ಲ. ಹಾಗೆಂದು ಸಕ್ಕರೆ ಕಾಯಿಲೆ ಇದ್ದವರಿಗೆಲ್ಲ ಬುದ್ಧಿ ಮಂಕಾಗುತ್ತದೆಂದು ತಿಳಿಯಬಾರದು. ಹೆಚ್ಚಿನವರಿಗೆ ಡಿಮೆನ್ಷಿಯಾ ಬರುವುದೇ ಇಲ್ಲ. ಕರ್ನಾಟಕದ ಹಳ್ಳಿಗರಲ್ಲಿಯೇ ಇಂಥ ಸಂಬಂಧಗಳನ್ನು ತಿಳಿಯುವ ಪ್ರಯತ್ನ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆದಿದ್ದು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು 45 ವರ್ಷ ಮೀರಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಉದ್ದೇಶದಿಂದ ಅಲ್ಲಿ ಅಧ್ಯಯನ ಕೈಗೊಂಡಿದೆ.

ಮೊದಲು ಕುಂದುವುದು ಯಾವುದು

ಮಧುಮೇಹದಿಂದ ಬರುವ ಬದಲಾವಣೆ ಹೆಸರು ಮರೆಯುವುದರಿಂದಲೇ ಶುರುವಾಗಬೇಕೆಂದಿಲ್ಲ. ಯೋಚನೆಯ ವೇಗ, ಗಮನ ನಿಲ್ಲಿಸುವ ಶಕ್ತಿ, ಹಲವು ಹಂತಗಳ ಕೆಲಸವನ್ನು ಮೊದಲೇ ಯೋಜಿಸಿ ಕ್ರಮವಾಗಿ ಮುಗಿಸುವ ಸಾಮರ್ಥ್ಯ, ಇವು ಮೊದಲು ಸಡಿಲವಾಗುತ್ತವೆ. ಆದ್ದರಿಂದ ಹಳೆಯ ಕಥೆಗಳನ್ನು ಚಾಚೂ ತಪ್ಪದೆ ಹೇಳುವ ಹಿರಿಯರ ನೆನಪನ್ನು ಮೆಚ್ಚಿಕೊಂಡು ಮನೆಯವರು ನಿಶ್ಚಿಂತರಾಗಬಾರದು. ಬಾಲ್ಯದ ನೆನಪು ಕೊನೆಯವರೆಗೂ ಉಳಿಯುವುದೇ ಹೆಚ್ಚು. ನೋಡಬೇಕಾದದ್ದು ಇಂದಿನ ಕೆಲಸಗಳನ್ನು. ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ನಾಲೆಯ ನೀರು ಯಾವ ದಿನ ಬರುತ್ತದೆಂದು ಲೆಕ್ಕವಿಡುತ್ತಿದ್ದವರು ಈಗ ಅಕ್ಕಪಕ್ಕದವರನ್ನು ಕೇಳತೊಡಗಿದ್ದಾರೆಯೇ, ಡೇರಿಯ ಹಾಲಿನ ಬಟವಾಡೆಯ ಲೆಕ್ಕ ಹಾಕುವುದನ್ನು ಬಿಟ್ಟಿದ್ದಾರೆಯೇ, ಒಂದೇ ಹೊತ್ತಿಗೆ ಮುದ್ದೆಗೆ ಎಸರಿಟ್ಟು ಬಸ್ಸಾರಿಗೆ ಸೊಪ್ಪು ಬಸಿದು ಅಡುಗೆ ಮುಗಿಸುತ್ತಿದ್ದ ಹೆಂಗಸು ಯಾವುದು ಮೊದಲು ಯಾವುದು ಆಮೇಲೆ ಎಂದು ತಡಬಡಿಸುತ್ತಿದ್ದಾಳೆಯೇ, ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋಗುತ್ತಿದ್ದವರು ಒಬ್ಬರೇ ಹೊರಡಲು ಹಿಂಜರಿಯುತ್ತಿದ್ದಾರೆಯೇ ಎಂಬ ಪ್ರಶ್ನೆಗಳು ಹೆಚ್ಚು ತಿಳಿಸುತ್ತವೆ.

ಇವುಗಳಿಗಿಂತ ಮುಖ್ಯವಾದ ಇನ್ನೊಂದು ಸೂಚನೆ ಕಾಯಿಲೆಯ ನಿರ್ವಹಣೆಯಲ್ಲಿಯೇ ಅಡಗಿದೆ. ವರ್ಷಗಳಿಂದ ಹತೋಟಿಯಲ್ಲಿದ್ದ ಸಕ್ಕರೆ ಆಹಾರ ಬದಲಾಗದೆಯೂ ಏರುಪೇರಾಗತೊಡಗಿದರೆ, ತಿಂಗಳ ಕೊನೆಗೆ ಮಾತ್ರೆ ಲೆಕ್ಕಕ್ಕಿಂತ ಹೆಚ್ಚು ಉಳಿದಿದ್ದರೆ ಅಥವಾ ಲೆಕ್ಕಕ್ಕೆ ಮೊದಲೇ ಮುಗಿದಿದ್ದರೆ, ವೈದ್ಯರು ಔಷಧವನ್ನು ಹೆಚ್ಚಿಸುವ ಮೊದಲು ಮರೆವನ್ನು ಶಂಕಿಸಬೇಕು. ಸಕ್ಕರೆ ಕಾಯಿಲೆಯ ಚಿಕಿತ್ಸೆಯು ರೋಗಿಯ ನೆನಪಿನ ಮೇಲೆ ನಿಂತಿರುವ ಚಿಕಿತ್ಸೆ: ಊಟಕ್ಕೆ ಮುಂಚಿನ ಮಾತ್ರೆ ಯಾವುದು, ಅನಂತರದ್ದು ಯಾವುದು, ಇನ್ಸುಲಿನ್ ಬೆಳಗ್ಗೆ ಎಷ್ಟು ಅಳತೆ, ರಾತ್ರಿ ಎಷ್ಟು ಎಂಬುದನ್ನೆಲ್ಲ ದಿನವೂ ನೆನಪಿಟ್ಟುಕೊಳ್ಳಬೇಕಾದವರೇ ನೆನಪು ಕಳೆದುಕೊಳ್ಳತೊಡಗಿದರೆ, ಕಾಯಿಲೆ ಮರೆವನ್ನೂ ಮರೆವು ಕಾಯಿಲೆಯನ್ನೂ ಬೆಳೆಸುತ್ತ ಹೋಗುತ್ತವೆ. ಮಕ್ಕಳು ಬೆಂಗಳೂರಿನಲ್ಲಿದ್ದು ಯುಗಾದಿಗೋ ಪಿತೃಪಕ್ಷಕ್ಕೋ ಬಂದುಹೋಗುವ ಮನೆಗಳಲ್ಲಿ ಇದು ಬಹುಕಾಲ ಕಾಣದೇ ಉಳಿಯುತ್ತದೆ. ಅಂಥವರು ಬಂದಾಗ ಅಡುಗೆಮನೆಯ ಕಪಾಟಿನ ಮಾತ್ರೆಗಳನ್ನೊಮ್ಮೆ ಎಣಿಸಿ ನೋಡಿದರೆ ಗಂಟೆಗಟ್ಟಲೆ ಮಾತಾಡಿದರೂ ತಿಳಿಯದ ವಿಷಯ ತಿಳಿಯುತ್ತದೆ.

ಲೋ ಶುಗರ್ ಎಂಬ ಕಡೆಗಣಿಸಿದ ಅಪಾಯ

ಸಕ್ಕರೆ ಏರುವುದಕ್ಕೆ ಹೆದರುವಷ್ಟು ಜನ ಅದು ಕುಸಿಯುವುದಕ್ಕೆ ಹೆದರುವುದಿಲ್ಲ. ಎಪ್ಪತ್ತು ದಾಟಿದವರ ಮಟ್ಟಿಗೆ ಈ ಹೆದರಿಕೆಯ ಕ್ರಮ ತಲೆಕೆಳಗಾಗಬೇಕು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಇಳಿದರೆ ಅದನ್ನು ಸಕ್ಕರೆ ಕುಸಿತವೆಂದೂ, 54ಕ್ಕಿಂತ ಇಳಿದರೆ ಗಂಭೀರವೆಂದೂ ವೈದ್ಯರು ಎಣಿಸುತ್ತಾರೆ. ಹರೆಯದವರಲ್ಲಿ ಮೈ ಬೆವರುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಹಸಿವು, ಇವು ಮುನ್ಸೂಚನೆ ಕೊಡುತ್ತವೆ. ವಯಸ್ಸಾದವರಲ್ಲಿ, ಬಹುಕಾಲದಿಂದ ಮಧುಮೇಹವಿರುವವರಲ್ಲಿ ಮತ್ತು ರಕ್ತದೊತ್ತಡಕ್ಕಾಗಿ ಬೀಟಾ ಬ್ಲಾಕರ್ ವರ್ಗದ ಮಾತ್ರೆ ಸೇವಿಸುವವರಲ್ಲಿ ಈ ಮುನ್ಸೂಚನೆಗಳು ಮಂಕಾಗಿ, ಗೊಂದಲ, ತೊದಲು ಮಾತು, ಸಿಡುಕು, ತೂರಾಟಗಳೇ ಮೊದಲ ಲಕ್ಷಣಗಳಾಗಿ ಕಾಣಿಸಿಕೊಳ್ಳಬಹುದು. ಸಂಜೆಯ ಹೊತ್ತು ಹೀಗೆ ತೂರಾಡುವ ಗಂಡಸನ್ನು ಕುಡಿದಿದ್ದಾನೆಂದು ತಿಳಿದು ಜಗಲಿಯ ಮೇಲೆ ಮಲಗಿಸಿ ಹೋಗುವುದಕ್ಕಿಂತ ದೊಡ್ಡ ಅನಾಹುತವಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಆಸ್ಪತ್ರೆಗೆ ಒಯ್ಯಬೇಕಾದಷ್ಟು ಸಕ್ಕರೆ ಕುಸಿದ ಸಂದರ್ಭಗಳು ಹೆಚ್ಚಿದಂತೆ ಮುಂದೆ ಡಿಮೆನ್ಷಿಯಾ ಬರುವ ಸಂಭವವೂ ಹೆಚ್ಚಿತೆಂದು ಕಂಡುಕೊಂಡಿತು. ಸಕ್ಕರೆಯನ್ನು ಆರೋಗ್ಯವಂತರ ಮಟ್ಟಕ್ಕೇ ಇಳಿಸಿಬಿಟ್ಟರೆ ಮೆದುಳು ಉಳಿದೀತೇ ಎಂಬುದನ್ನೂ ಪರೀಕ್ಷಿಸಿದ ಅಮೆರಿಕ ಮತ್ತು ಕೆನಡಾಗಳ ಅಕಾರ್ಡ್ ಎಂಬ ದೊಡ್ಡ ಪ್ರಯೋಗದಲ್ಲಿ, ಬಿಗಿ ಹತೋಟಿಗೆ ಒಳಪಡಿಸಿದ ಗುಂಪಿನಲ್ಲಿ ಸಾವುಗಳು ಹೆಚ್ಚಿದ್ದರಿಂದ ಆ ಭಾಗವನ್ನು 2008ರಲ್ಲಿ ನಿಲ್ಲಿಸಬೇಕಾಯಿತು; 2011ರಲ್ಲಿ ಹೊರಬಂದ ಫಲಿತಾಂಶದಲ್ಲಿ ಆ ಗುಂಪಿನವರ ಮೆದುಳಿನ ಗಾತ್ರ ಸ್ವಲ್ಪ ಕಡಿಮೆ ಕುಗ್ಗಿದ್ದು ಕಂಡರೂ, ನೆನಪು ಮತ್ತು ಯೋಚನೆಯ ಪರೀಕ್ಷೆಗಳಲ್ಲಿ ಯಾವ ಲಾಭವೂ ಕಾಣಲಿಲ್ಲ.

ಇದರ ವ್ಯಾವಹಾರಿಕ ಅರ್ಥ ಸ್ಪಷ್ಟವಾಗಿದೆ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ನಡುವಯಸ್ಸಿನವರಿಗೆ ಶೇ 7ರೊಳಗಿನ ಗುರಿ ಸಾಮಾನ್ಯವಾದರೆ, ಮರೆವು ಆರಂಭವಾಗಿರುವ ಅಥವಾ ಇತರ ಹಲವು ಕಾಯಿಲೆಗಳಿರುವ ಹಿರಿಯರಿಗೆ ಶೇ 8ರ ಆಸುಪಾಸು ಸಾಕೆಂದು ಇಂದಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಎಂಬತ್ತರ ಅಜ್ಜಿಯ ವರದಿಯಲ್ಲಿ ಆರರ ಅಂಕಿ ಕಂಡು ಸಂತೋಷಪಡುವ ಮಕ್ಕಳು, ಆಕೆ ಇನ್ಸುಲಿನ್ ಅಥವಾ ಮೇದೋಜೀರಕವನ್ನು ಪ್ರಚೋದಿಸುವ ಮಾತ್ರೆಗಳ ಮೇಲಿದ್ದರೆ, ಆ ಅಂಕಿಯನ್ನು ವೈದ್ಯರ ಮುಂದಿಟ್ಟು ಔಷಧ ಕಡಿಮೆ ಮಾಡಬಹುದೇ ಎಂದು ಕೇಳಬೇಕು. ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ, ಅಗ್ಗದ ಮಾತ್ರೆ ಹಿರಿಯರಿಗೆ ತಕ್ಕದ್ದಲ್ಲವೆಂಬುದು ಬಹುಕಾಲದಿಂದ ತಿಳಿದಿದ್ದರೂ, ಎಂದೋ ಬರೆದುಕೊಟ್ಟ ಚೀಟಿಯನ್ನೇ ಔಷಧ ಅಂಗಡಿಗೆ ಕೊಟ್ಟು ಅದನ್ನೇ ತರಿಸಿ ನುಂಗುವವರಿದ್ದಾರೆ. ಹಾಗೆಂದು ಯಾವ ಮಾತ್ರೆಯನ್ನೂ ಮನೆಯಲ್ಲೇ ತೀರ್ಮಾನಿಸಿ ನಿಲ್ಲಿಸಬಾರದು.

ಕುಸಿತಕ್ಕೆ ಕಾರಣವಾಗುವ ಸನ್ನಿವೇಶಗಳು ಊರಿನ ಬದುಕಿನೊಳಗೇ ಇವೆ. ನಸುಕಿನಲ್ಲಿ ಮಾತ್ರೆ ನುಂಗಿ, ಟೀ ಮಾತ್ರ ಕುಡಿದು, ಕಬ್ಬಿನ ಗದ್ದೆಗೆ ಹೋಗಿ ಊಟದ ಹೊತ್ತು ಮೀರಿಸುವುದು ಒಂದು. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳಲ್ಲಿ ಊಟ ಬಿಟ್ಟು ಮಾತ್ರೆ ಬಿಡದಿರುವುದು ಇನ್ನೊಂದು. ವಾಂತಿ ಭೇದಿಯಾಗಿ ಗಂಜಿಯೂ ಇಳಿಯದ ದಿನ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಳ್ಳುವುದು ಮತ್ತೊಂದು. ಮೂತ್ರಪಿಂಡ ದುರ್ಬಲವಾದವರಲ್ಲಿ ಮಾತ್ರೆಯ ಪ್ರಭಾವ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ, ಹಿಂದೆ ಒಗ್ಗಿದ್ದ ಅಳತೆಯೇ ಈಗ ಹೆಚ್ಚಾಗಬಹುದು. ನೆನಪು ಕುಂದಿದವರು ನುಂಗಿದ್ದನ್ನು ಮರೆತು ಎರಡನೇ ಸಲ ಮಾತ್ರೆ ನುಂಗುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ಕುಸಿದಿದೆಯೆಂಬ ಅನುಮಾನ ಬಂದರೆ ಗ್ಲೂಕೋಮೀಟರಿನಲ್ಲಿ ಒಂದು ಹನಿ ರಕ್ತ ನೋಡುವುದು ಒಳ್ಳೆಯದು. ಯಂತ್ರವಿಲ್ಲದಿದ್ದರೆ ಕಾಯದೆ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಅಷ್ಟೇ ಕೊಟ್ಟು, ಚೇತರಿಸಿದ ಮೇಲೆ ಊಟ ಮಾಡಿಸಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ಸೇವಿಸುವವರಿಗೆ ಈ ಉಪಾಯ ಬೇಗ ಫಲಿಸುವುದಿಲ್ಲ. ಆ ಔಷಧಗಳು ಸಕ್ಕರೆಯೂ ಬೆಲ್ಲವೂ ಕರುಳಿನಲ್ಲಿ ಒಡೆಯುವುದನ್ನೇ ತಡೆಯುವುದರಿಂದ, ಅಂಥ ಮನೆಗಳಲ್ಲಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯ ಪೊಟ್ಟಣ ಯಾವಾಗಲೂ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಮಾತ್ರೆಯಿಂದಾದ ಕುಸಿತ ಒಮ್ಮೆ ಸರಿಹೋದಂತೆ ಕಂಡು ಕೆಲವು ಗಂಟೆಗಳ ಬಳಿಕ ಮರುಕಳಿಸಬಹುದಾದ್ದರಿಂದ, ಅಂಥವರನ್ನು ಅಂದು ರಾತ್ರಿ ಒಂಟಿಯಾಗಿ ಬಿಡಬಾರದು.

ಮರೆವೆಲ್ಲ ಡಿಮೆನ್ಷಿಯಾ ಅಲ್ಲ

ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಮನೆಯವರನ್ನೇ ಗುರುತಿಸದೆ ಬಡಬಡಿಸಿದರೆ ಅದು ಡಿಮೆನ್ಷಿಯಾ ಅಲ್ಲ, ದೇಹದೊಳಗಿನ ಬೇರೊಂದು ತುರ್ತು. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಕುಸಿತ, ಸಕ್ಕರೆ ವಿಪರೀತ ಏರಿ ದೇಹದ ನೀರೆಲ್ಲ ಬತ್ತುವ ಸ್ಥಿತಿ, ಇವು ಹಿರಿಯ ಮಧುಮೇಹಿಗಳಲ್ಲಿ ಜ್ವರಕ್ಕಿಂತ ಮೊದಲು ಗೊಂದಲವಾಗಿಯೇ ಕಾಣಿಸಿಕೊಳ್ಳುವುದುಂಟು. ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋತುಬೀಳುವುದು, ಮಾತು ನಿಲ್ಲುವುದು ಲಕ್ವದ ಲಕ್ಷಣಗಳಾಗಿದ್ದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ್ದರಿಂದ, ನಾಟಿ ಮದ್ದಿಗೆಂದು ಊರೂರು ಸುತ್ತಿಸಿದರೆ ಆ ಹೊತ್ತು ಕಳೆದುಹೋಗುತ್ತದೆ.

ನಿಧಾನವಾಗಿ ಬಂದ ಮರೆವಿನಲ್ಲಿಯೂ ಸರಿಪಡಿಸಬಲ್ಲ ಕಾರಣಗಳಿರುತ್ತವೆ. ಮಧುಮೇಹಕ್ಕೆ ಮೊದಲ ಔಷಧವಾದ ಮೆಟ್‌ಫಾರ್ಮಿನ್ ಬಹುವರ್ಷ ಸೇವಿಸಿದವರಲ್ಲಿ ಬಿ12 ಜೀವಸತ್ವದ ಹೀರಿಕೆ ತಗ್ಗುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಕೊರತೆ ಇನ್ನೂ ಹೆಚ್ಚು. ಪಾದಗಳ ಜೋಮು, ನಡಿಗೆಯ ಅಸ್ಥಿರತೆ, ಮಂಕು, ಮರೆವು ಇವೆಲ್ಲ ಅದರಿಂದ ಬರಬಹುದಾಗಿದ್ದರೂ ಅವನ್ನು ಸಕ್ಕರೆಯ ಲೆಕ್ಕಕ್ಕೇ ಬರೆದು ಸುಮ್ಮನಾಗುವುದೇ ಹೆಚ್ಚು. ಥೈರಾಯ್ಡ್ ಕುಂದುವುದು, ಖಿನ್ನತೆ, ನಿದ್ದೆಯಲ್ಲಿ ಗೊರಕೆಯೊಂದಿಗೆ ಉಸಿರು ನಿಂತು ನಿಂತು ಬರುವ ತೊಂದರೆ, ಮದ್ಯ, ಅಂಗಡಿಯಿಂದ ತಾವೇ ತಂದು ನುಂಗುವ ನಿದ್ದೆ ಮಾತ್ರೆ ಮತ್ತು ಕೆಲವು ನೆಗಡಿ ಮಾತ್ರೆಗಳೂ ಇದೇ ಪಟ್ಟಿಗೆ ಸೇರುತ್ತವೆ. ಕಿವಿ ಕೇಳದವರು, ಕಣ್ಣಿಗೆ ಪೊರೆ ಬಂದವರು ಉತ್ತರಿಸಲು ತಡವರಿಸುವುದನ್ನು ಬುದ್ಧಿ ಕೆಟ್ಟಿತೆಂದು ತಿಳಿಯುವುದೂ ಉಂಟು. ಶ್ರವಣದೋಷ ಮತ್ತು ದೃಷ್ಟಿದೋಷಗಳು ಸ್ವತಃ ಡಿಮೆನ್ಷಿಯಾದ ಸಂಭವವನ್ನು ಹೆಚ್ಚಿಸುತ್ತವೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೇಳಿದ್ದು, ತಡೆಯಬಹುದಾದ 14 ಕಾರಣಗಳ ಅದರ ಪಟ್ಟಿಯಲ್ಲಿ ಮಧುಮೇಹ, ರಕ್ತದೊತ್ತಡ, ಧೂಮಪಾನ, ಒಂಟಿತನಗಳೂ ಇವೆ.

ಎಲ್ಲಿ ತೋರಿಸುವುದು, ಏನು ಕೇಳುವುದು

ಮೊದಲ ಭೇಟಿಗೆ ನರರೋಗ ತಜ್ಞರನ್ನೇ ಹುಡುಕಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮತ್ತು ಮದ್ದೂರು, ಮಳವಳ್ಳಿಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಡಿ ಸಕ್ಕರೆ ಮತ್ತು ರಕ್ತದೊತ್ತಡಗಳ ತಪಾಸಣೆ ನಡೆಯುತ್ತದೆ. ಮುಂದಿನ ಪರೀಕ್ಷೆಗಳಿಗೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಜನ ಮಿಮ್ಸ್ ಎಂದು ಕರೆಯುವ, ಬೋಧನಾ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಜತೆಗೂಡಿ ರಾಜ್ಯ ಸರ್ಕಾರ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಎಂಬ ಕಾರ್ಯಕ್ರಮವನ್ನು ಆರಂಭಿಸಿದ್ದು, ಡಿಮೆನ್ಷಿಯಾ, ಲಕ್ವ, ಮೂರ್ಛೆರೋಗಗಳನ್ನು ಬೆಂಗಳೂರಿಗೆ ಅಲೆಯದೆ ಹತ್ತಿರದಲ್ಲೇ ಗುರುತಿಸುವಂತೆ ಮಾಡುವುದು ಅದರ ಉದ್ದೇಶ.

ಮರೆವಿನ ಪರೀಕ್ಷೆಯೆಂದರೆ ತಲೆಯ ಸ್ಕ್ಯಾನ್ ಎಂದು ತಿಳಿದವರೇ ಹೆಚ್ಚು. ಮೊದಲು ಬೇಕಾದದ್ದು ರಕ್ತಪರೀಕ್ಷೆಗಳು, ಔಷಧಗಳ ಪರಿಶೀಲನೆ ಮತ್ತು ಪ್ರಶ್ನೋತ್ತರದ ಮೂಲಕ ನಡೆಯುವ ಬುದ್ಧಿಶಕ್ತಿಯ ಪರೀಕ್ಷೆ. ಗಡಿಯಾರದ ಚಿತ್ರ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಎಂಬಂಥ ಪ್ರಶ್ನೆಗಳು ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೆ ಅನ್ಯಾಯ ಮಾಡುತ್ತವೆ. ಪೆನ್ನು ಹಿಡಿಯದ ಕೈ ಗಡಿಯಾರ ಬರೆಯಲಾರದ್ದಕ್ಕೆ ರೋಗವೇ ಕಾರಣವಾಗಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಇಲ್ಲಿನವರಿಗೆ ಹೊಂದುವ ಪರೀಕ್ಷಾ ಸಾಧನಗಳನ್ನು ರೂಪಿಸಿದೆ. ಯಾವ ಪರೀಕ್ಷೆಯೇ ಆಗಲಿ, ರೋಗಿ ಎಷ್ಟು ಓದಿದ್ದಾರೆ, ಮೊದಲು ಯಾವ ಕೆಲಸಗಳನ್ನು ಸಲೀಸಾಗಿ ಮಾಡುತ್ತಿದ್ದರು, ಬದಲಾವಣೆ ಯಾವಾಗಿನಿಂದ ಕಂಡಿತು ಎಂಬುದನ್ನು ಜತೆಗೆ ಬಂದವರು ಹೇಳಬೇಕು, ರೋಗಿಯ ಎದುರು ಅವಮಾನವಾಗದ ಹಾಗೆ. ಎಲ್ಲ ಔಷಧಗಳನ್ನೂ, ಆಯುರ್ವೇದದ ಪುಡಿ ಮತ್ತು ನಾಟಿ ಮದ್ದುಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಹೆಸರು ನೆನಪಿಸಿಕೊಂಡು ಹೇಳುವುದಕ್ಕಿಂತ ಮೇಲು.

ಮನೆಯಲ್ಲಿ

ಮರೆವು ಖಚಿತವಾದ ಮೇಲೆ ಮೊದಲ ಕೆಲಸ ಮಾತ್ರೆಯ ಹೊಣೆಯನ್ನು ಒಬ್ಬರು ವಹಿಸಿಕೊಳ್ಳುವುದು. ವಾರದ ದಿನಗಳಿಗೆ ಬೇರೆಬೇರೆ ಗೂಡುಗಳಿರುವ ಮಾತ್ರೆ ಡಬ್ಬಿ ಸಾಕಷ್ಟು ನೆರವಾಗುತ್ತದಾದರೂ, ಮರೆವು ಹೆಚ್ಚಿದವರಿಗೆ ಡಬ್ಬಿಯನ್ನೇ ಕೈಗೆ ಕೊಡದೆ ಒಂದು ಹೊತ್ತಿನದನ್ನು ಮಾತ್ರ ಕೊಟ್ಟು ಎದುರಿಗೇ ನುಂಗಿಸಬೇಕು. ದಿನಕ್ಕೆ ಮೂರು ಹೊತ್ತಿನ ಔಷಧಗಳನ್ನು ಒಂದೋ ಎರಡೋ ಹೊತ್ತಿಗೆ ಇಳಿಸಲು, ಹಲವು ಸಲದ ಇನ್ಸುಲಿನ್ ಬದಲಿಗೆ ದಿನಕ್ಕೊಮ್ಮೆಯದು ಸಾಧ್ಯವೇ ನೋಡಲು ವೈದ್ಯರನ್ನು ಕೇಳುವುದು ತಪ್ಪಲ್ಲ. ಊಟ ಮಾಡುತ್ತಾರೋ ಇಲ್ಲವೋ ಎಂಬ ಖಾತರಿಯಿಲ್ಲದವರಿಗೆ ಮೊದಲೇ ಇನ್ಸುಲಿನ್ ಕೊಟ್ಟು ಆಮೇಲೆ ತಟ್ಟೆ ಮುಂದಿಡುವುದು ಅಪಾಯವಾದ್ದರಿಂದ, ಹೊತ್ತು ಮತ್ತು ಕ್ರಮಗಳ ಬಗ್ಗೆಯೂ ಸ್ಪಷ್ಟವಾಗಿ ಕೇಳಿ ತಿಳಿಯಬೇಕು.

ಆಹಾರದ ವಿಷಯದಲ್ಲಿ ಮಂಡ್ಯ ಸೀಮೆಯಲ್ಲಿ ಎರಡು ನಂಬಿಕೆಗಳು ಬಲವಾಗಿವೆ. ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವೆಂಬುದು ಒಂದು. ರಾಗಿಯಲ್ಲಿ ನಾರು ಮತ್ತು ಸುಣ್ಣದಂಶ ಹೆಚ್ಚಿರುವುದು ನಿಜವಾದರೂ ಅದರ ಬಹುಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನಿಂದ ತಿರುವಿದ ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮುದ್ದೆಯನ್ನು ಚಿಕ್ಕದು ಮಾಡಿ, ಜತೆಗೆ ಹುರುಳಿಕಾಳು, ಅವರೆಕಾಳು, ಸೊಪ್ಪಿನ ಪಾಲನ್ನು ಹೆಚ್ಚಿಸಿ, ಮುದ್ದೆಯಾದ ಮೇಲೆ ತಟ್ಟೆ ತುಂಬ ಅನ್ನ ಹಾಕಿಕೊಳ್ಳುವುದನ್ನು ಬಿಟ್ಟರೆ ಹಳೆಯ ಊಟವೇ ಒಳ್ಳೆಯ ಊಟ. ಬೆಲ್ಲ ನೈಸರ್ಗಿಕವಾದ್ದರಿಂದ ಬಾಧಕವಿಲ್ಲವೆಂಬುದು ಎರಡನೇ ನಂಬಿಕೆ. ಆಲೆಮನೆಯ ಬೆಲ್ಲದಲ್ಲಿಯೂ ಕಾರ್ಖಾನೆಯ ಸಕ್ಕರೆಯಲ್ಲಿಯೂ ಮುಖ್ಯವಾಗಿರುವುದು ಅದೇ ಸುಕ್ರೋಸ್ ಆಗಿದ್ದು, ಮಧುಮೇಹಿಯ ರಕ್ತಕ್ಕೆ ಆ ಭೇದ ತಿಳಿಯುವುದಿಲ್ಲ. ಕಬ್ಬಿನ ಹಾಲಿನ ಒಂದು ಲೋಟದಲ್ಲಿ ಏಳೆಂಟು ಚಮಚ ಸಕ್ಕರೆಯಷ್ಟು ಸಿಹಿ ಇರಬಲ್ಲದು. ಮದ್ದೂರಿನ ಎಳನೀರಿನಲ್ಲಿ ಸಿಹಿ ಅದಕ್ಕಿಂತ ಬಹಳ ಕಡಿಮೆ; ಆದರೆ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡ ಕೆಟ್ಟವರು ವೈದ್ಯರನ್ನು ಕೇಳದೆ ಕುಡಿಯಬಾರದು. ಇನ್ನು ತೂಕ ಇಳಿಯುತ್ತಿರುವ, ಊಟವೇ ಸೇರದ ವಯೋವೃದ್ಧರಿಗೆ ಪಥ್ಯದ ಬಿಗಿ ಸಡಿಲಿಸುವುದು ಪಥ್ಯ ಹೇರುವುದಕ್ಕಿಂತ ಮುಖ್ಯ.

ಬೆಳಗ್ಗೆ ಸಂಜೆಯ ನಡಿಗೆ, ಬೀಡಿ ಹೊಗೆಸೊಪ್ಪುಗಳನ್ನು ಬಿಡುವುದು, ರಕ್ತದೊತ್ತಡದ ಮಾತ್ರೆಯನ್ನು ತಪ್ಪಿಸದಿರುವುದು, ಇವುಗಳ ಬಗ್ಗೆ ಎಲ್ಲರೂ ಕೇಳಿದ್ದಾರೆ. ಅಷ್ಟಾಗಿ ಕೇಳದಿರುವುದು ಬುದ್ಧಿಯ ಚಟುವಟಿಕೆ ಮತ್ತು ಜನರ ಒಡನಾಟದ ಮಾತು: ಫಿನ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಹಾರ, ವ್ಯಾಯಾಮ, ರಕ್ತನಾಳಗಳ ಆರೈಕೆಗಳ ಜತೆಗೆ ಬುದ್ಧಿಗೆ ಕೆಲಸ ಕೊಡುವ ಚಟುವಟಿಕೆಗಳೂ ಸೇರಿದಾಗ ಅಪಾಯದ ಅಂಚಿನಲ್ಲಿದ್ದ ಹಿರಿಯರ ಬುದ್ಧಿಶಕ್ತಿ ಹೆಚ್ಚು ಚೆನ್ನಾಗಿ ಉಳಿಯಿತು. ಇಲ್ಲಿಯ ಹಿರಿಯರಿಗೆ ಅದು ಅರಳಿಕಟ್ಟೆಯ ಮಾತುಕತೆ, ಭಜನೆ, ಚೌಕಾಬಾರ, ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಾಗಬಹುದು. ಮರೆಯುತ್ತಾರೆಂಬ ಕಾರಣಕ್ಕೆ ಎಲ್ಲ ಕೆಲಸಗಳನ್ನೂ ಅವರ ಕೈಯಿಂದ ಕಿತ್ತುಕೊಳ್ಳುವ ಮನೆಗಳು ಒಳ್ಳೆಯದೆಂದೇ ತಿಳಿದು ಕೆಟ್ಟದ್ದನ್ನು ಮಾಡುತ್ತವೆ. ಬೈಕು, ಟ್ರ್ಯಾಕ್ಟರುಗಳ ಚಾಲನೆಯನ್ನು ಮಾತ್ರ, ಸಕ್ಕರೆ ಪದೇಪದೇ ಕುಸಿಯುವವರಿಗೂ ದಾರಿ ತಪ್ಪುವವರಿಗೂ, ಸಂಕೋಚಪಡದೆ ನಿಲ್ಲಿಸಬೇಕು.

ಆರೈಕೆಯ ಭಾರ ಬಹುತೇಕ ಹೆಂಡತಿಯ ಅಥವಾ ಸೊಸೆಯ ಮೇಲೆ ಬೀಳುತ್ತದೆ, ಆಕೆಗೂ ಸಕ್ಕರೆ ಕಾಯಿಲೆ ಇರುವುದು ಅಪರೂಪವಲ್ಲ. ಅಂಥವರು ಮಾನಸಿಕ ನೆರವಿಗೆ ಟೆಲಿ ಮಾನಸ್‌ನ 14416ಕ್ಕೂ, ಹಿರಿಯ ನಾಗರಿಕರ ವಿಷಯಗಳಿಗೆ 14567ಕ್ಕೂ ಕನ್ನಡದಲ್ಲೇ ಮಾತಾಡಬಹುದು. ಜಮೀನು, ಬ್ಯಾಂಕ್ ಖಾತೆ, ಪಿಂಚಣಿಗಳ ವ್ಯವಸ್ಥೆಯನ್ನು ಹಿರಿಯರು ಇನ್ನೂ ಅರಿತು ತೀರ್ಮಾನಿಸಬಲ್ಲ ಹೊತ್ತಿನಲ್ಲೇ ಅವರ ಇಷ್ಟದಂತೆ ಮಾಡಿಸುವುದು ಉಚಿತ. ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಜಗಳಕ್ಕೂ ವ್ಯಾಜ್ಯಕ್ಕೂ ದಾರಿ.

ಆಸ್ಪತ್ರೆಗೆ ಹೊರಡುವ ದಿನದ ಬಗ್ಗೆ ಒಂದು ಎಚ್ಚರಿಕೆ ಉಳಿದಿದೆ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆಂದು ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಡುವ ಹಿರಿಯರು ಅಭ್ಯಾಸಬಲದಿಂದ ಬೆಳಗಿನ ಸಕ್ಕರೆ ಮಾತ್ರೆಯನ್ನು ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಬಂದು, ಏನೂ ತಿನ್ನದೆ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದುಂಟು. ಅಂದು ಆ ಔಷಧವನ್ನು ತಿಂಡಿಯ ಡಬ್ಬಿಯೊಂದಿಗೆ ಚೀಲದಲ್ಲಿಟ್ಟುಕೊಂಡು ಬಂದು, ರಕ್ತ ಕೊಟ್ಟ ಮೇಲೆ ತಿಂಡಿಯ ಹೊತ್ತಿಗೆ ತೆಗೆದುಕೊಳ್ಳಬೇಕು. ರಾತ್ರಿಯ ಇನ್ಸುಲಿನ್ ಇರುವವರು ಹಿಂದಿನ ರಾತ್ರಿಯ ಅಳತೆಯನ್ನೂ ಮೊದಲೇ ವೈದ್ಯರಿಂದ ಕೇಳಿಕೊಂಡಿರಬೇಕು.